ರೂಟರಿನ ಪಂಕ್ತಿಯಲ್ಲಿ ಯಾರು ಮೊದಲು?

ಮನೆ ಮನೆಗೆ ಇಂಟರ್ನೆಟ್ ಕೊಡುವ ಕೆಲಸಕ್ಕೆ ಇಳಿದ ಮೇಲೆ ನಗುವುದಕ್ಕೆ ಅಂತ ನಾನು ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಫೋನ್ ಕೈಗೆತ್ತಿಕೊಂಡರೆ ಸಾಕು, ಒಂದಲ್ಲ ಒಂದು ಕಥೆ ಅಲ್ಲೇ ಕಾದು ಕೂತಿರುತ್ತೆ.

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಗುಬ್ಬಿ, ಕುಣಿಗಲ್ ಕಡೆಗೂ ಓಡಾಟ ಇದೆ. ನಮ್ಮನೆಯವರು ಕಂಬ ಹತ್ತಿ ಕೇಬಲ್ ಎಳೆಯುತ್ತಾರೆ, ನಾನು ಮನೆಯೊಳಗೆ ಹೋಗಿ ರೂಟರ್ ಕೂರಿಸುತ್ತೇನೆ. ಶುರುವಿನಲ್ಲಿ ಅವರದೇ ಕಷ್ಟದ ಕೆಲಸ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಕಂಬ ತಿರುಗಿ ಪ್ರಶ್ನೆ ಕೇಳುವುದಿಲ್ಲವಲ್ಲ!

ಮೊದಲೆಲ್ಲ "ನೆಟ್ ಬರ್ತಿಲ್ಲ" ಅನ್ನುವ ಒಂದೇ ದೂರು. ಈಗ ನೆಟ್ ಬಂದರೂ ದೂರು: "ಲ್ಯಾಗ್ ಹೊಡೀತಿದೆ." ಅಂದರೆ ಮನೆ ಮಕ್ಕಳು ಆನ್‌ಲೈನಿನಲ್ಲಿ ಗುಂಡು ಹೊಡೆಯುವ ಆಟ ಆಡುವಾಗ ಇಲ್ಲಿ ಬಟನ್ ಒತ್ತಿದರೆ ಅಲ್ಲಿ ಗುಂಡು ಹಾರುವುದು ತಡವಾಗಿ. ಅಷ್ಟು ಹೊತ್ತಿಗೆ ಎದುರಿನವನು ಇವರ ಕಥೆ ಮುಗಿಸಿರುತ್ತಾನೆ. ಒಂದೇ ಕನೆಕ್ಷನ್ನಿನಲ್ಲಿ ಅಮ್ಮನ ಸೀರಿಯಲ್, ಅಪ್ಪನ ನ್ಯೂಸು, ಅಕ್ಕನ ವಿಡಿಯೋ ಕಾಲ್ ಎಲ್ಲವೂ ನುಗ್ಗಿದರೆ ಆಟ ಪಾಪ ಎಲ್ಲಿಂದ ಓಡಬೇಕು? ಇದಕ್ಕೆ ಹೊಸ ರೂಟರುಗಳಲ್ಲಿ ಒಂದು ಅನುಕೂಲ ಇದೆ. ಯಾರ ಕೆಲಸ ಮೊದಲು ಸಾಗಬೇಕು, ಯಾರದ್ದು ಆಮೇಲೆ ಅಂತ ರೂಟರಿಗೆ ನಾವೇ ಹೇಳಿಕೊಡಬಹುದು. ಆಟವನ್ನು ಮೊದಲಿಗೆ ಹಾಕಿದರೆ ಲ್ಯಾಗ್ ಇಳಿಯುತ್ತೆ. ಕೆಲಸ ಇಷ್ಟೇ.

ಆದರೆ ಒಂದು ತುಂಬು ಮನೆಯೊಳಗೆ ನಿಂತು "ನಿಮ್ಮಲ್ಲಿ ಯಾರು ಮೊದಲು, ಯಾರು ಆಮೇಲೆ?" ಅಂತ ಕೇಳಿ ನೋಡಿ. ಆಮೇಲೆ ಗೊತ್ತಾಗುತ್ತೆ ನನ್ನ ಪಾಡು.

ಎಲ್ಲರೂ ಆಂಬುಲೆನ್ಸ್

ಸದಾಶಿವನಗರದಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ. ಮಗನ ಆಟಕ್ಕೆ ಲ್ಯಾಗ್ ಅಂತ ಕರೆಸಿದರು. ನಾನು ಸುಲಭವಾಗಿ ಅರ್ಥ ಆಗಲಿ ಅಂತ ಹೇಳಿದೆ: "ಸಾರ್, ಬಿ.ಎಚ್. ರಸ್ತೆ ಸಿಗ್ನಲ್‌ನಲ್ಲಿ ಆಂಬುಲೆನ್ಸ್ ಬಂದ್ರೆ ಮಿಕ್ಕ ಗಾಡಿಗಳೆಲ್ಲ ಸರಿದು ದಾರಿ ಬಿಡ್ತಾವಲ್ಲ, ಹಾಗೇ ಇದು. ನಿಮ್ಮ ಮಗನ ಆಟಾನ ಆಂಬುಲೆನ್ಸ್ ಮಾಡ್ತೀನಿ."

"ಬ್ಯೂಟಿಫುಲ್!" ಅಂದರು. ಮೊಬೈಲಿನಲ್ಲಿ ಅದನ್ನು ಬದಲಾಯಿಸುವುದು ಹೇಗೆ ಅಂತಲೂ ಕೇಳಿ ಕಲಿತರು. ನಾನು ಖುಷಿಯಾಗಿ ಬಂದೆ.

ಮಾರನೇ ದಿನವೇ ಫೋನು. "ಮೇಡಂ, ಅದೇ ಲ್ಯಾಗು. ಏನೂ ಪ್ರಯೋಜನ ಆಗ್ಲಿಲ್ಲ."

ಹೋಗಿ ನೋಡುತ್ತೇನೆ, ಮನೆಯಲ್ಲಿರುವ ಎಲ್ಲವೂ ಮೊದಲ ಸ್ಥಾನದಲ್ಲಿವೆ. ಮಗನ ಕಂಪ್ಯೂಟರ್, ಮಗಳ ಫೋನು, ಟೀವಿ, ಗೇಟಿನ ಕ್ಯಾಮೆರಾ, ಕೊನೆಗೆ ಮೊಬೈಲಿನಿಂದ ಆನ್ ಮಾಡುವ ಗೀಸರ್ ಕೂಡ.

"ಇದೇನ್ ಸಾರ್?"

"ಮಗನಿಗೆ ಮಾತ್ರ ಕೊಟ್ರೆ ಮಗಳು ಸುಮ್ನಿರ್ತಾಳಾ? ಅವಳಿಗೂ ಕೊಟ್ಟೆ. ಆಮೇಲೆ ನಮ್ಮನೆಯವಳು ಮುಖ ಊದಿಸ್ಕೊಂಡ್ಲು. ಮೇಡಂ, ನಾನು ಸರ್ವೀಸ್ ಪೂರ್ತಿ ಯಾರಿಗೂ ಭೇದಭಾವ ಮಾಡ್ದೋನಲ್ಲ."

"ಅದು ಸರಿ ಸಾರ್. ಆದ್ರೆ ರಸ್ತೇಲಿರೋ ಗಾಡಿಗಳೆಲ್ಲ ಆಂಬುಲೆನ್ಸ್ ಆದ್ರೆ ಯಾರಿಗೆ ಯಾರು ದಾರಿ ಬಿಡೋದು?"

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಒಳ್ಳೆ ಉಪಾಯ ಹೊಳೆದ ಹಾಗೆ ಕೇಳಿದರು: "ಹಾಗಾದ್ರೆ, ಮೊದಲನೇದಕ್ಕಿಂತ ಮೊದಲು ಅನ್ನೋ ಬಟನ್ ಏನಾದ್ರೂ ಇದೆಯಾ? ಇದ್ರೆ ಅದನ್ನೂ ಎಲ್ರಿಗೂ ಹಾಕ್ಬಿಡೋಣ."

ಲಗ್ನಪತ್ರಿಕೆಯ ಪ್ರಕಾರ

ಇದಾದ ಮೇಲೆ ಆಂಬುಲೆನ್ಸ್ ಉದಾಹರಣೆಯನ್ನು ಕೈಬಿಟ್ಟೆ. ಗುಬ್ಬಿಗೆ ಹೋದಾಗ ಅದಕ್ಕಿಂತ ಒಳ್ಳೆಯದೊಂದು ಹುಡುಕಿಕೊಂಡು ಹೋಗಿದ್ದೆ. ಅಲ್ಲೇ ನಾನು ಕೆಟ್ಟದ್ದು.

ಅದು ಕೊಬ್ಬರಿ ವ್ಯಾಪಾರದ ಮನೆ. ಅಣ್ಣತಮ್ಮಂದಿರು ಇನ್ನೂ ಒಂದೇ ಒಲೆಯಲ್ಲಿ ಉಣ್ಣುವ ಸಂಸಾರ. ಬೀದಿಯಲ್ಲಿ ಆ ಮನೆಯ ತಾತನ ಮಾತೇ ಮಾತು. ಅವರು ಹ್ಞೂ ಅಂದರೆ ಬೀದಿಯೇ ಹ್ಞೂ ಅನ್ನುತ್ತೆ. ನನ್ನನ್ನು ಕರೆಸಿದ್ದು ಅವರ ಮೊಮ್ಮಗಳು, ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ. ಕಾಲೇಜಿನ ಗೇಮಿಂಗ್ ಟೀಮಿನಲ್ಲಿ ಇರುವ ಒಬ್ಬಳೇ ಹುಡುಗಿ. ಅಷ್ಟು ದೂರ ಬಂದವಳಿಗೆ ಈಗ ಅಡ್ಡ ನಿಂತಿದ್ದು ಮನೆಯ ನೆಟ್ಟು.

"ಅಕ್ಕ, ಭಾನುವಾರ ಫೈನಲ್. ಎಲ್ರೂ ಅವರವರ ಮನೆಯಿಂದಾನೇ ಆಡೋದು. ಹೋದ ಮ್ಯಾಚಲ್ಲಿ ಲ್ಯಾಗ್ ಆಗಿ ನಾನು ಗೊಂಬೆ ಥರ ನಿಂತ್ಬಿಟ್ಟೆ. ಇನ್ನೊಂದ್ಸಲ ಹಾಗಾದ್ರೆ ಟೀಮಿಂದ ತೆಗೀತೀನಿ ಅಂದಿದ್ದಾನೆ ಕ್ಯಾಪ್ಟನ್," ಅಂದಳು. ಕಣ್ಣಲ್ಲಿ ನೀರು ಬಂದೇಬಿಟ್ಟಿತ್ತು. ಹೇಗಾದರೂ ಮಾಡಿ ಈ ಹುಡುಗಿಯ ಜಾಗ ಉಳಿಸಬೇಕು ಅಂತ ಆಗಲೇ ನಿಶ್ಚಯ ಮಾಡಿದೆ.

ಹಜಾರದಲ್ಲಿ ಇಡೀ ಮನೆ ಸೇರಿತು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಇದು ಊಟದ ಪಂಕ್ತಿ ಇದ್ದ ಹಾಗೆ ಯಜಮಾನ್ರೇ. ಮೊದಲ್ನೇ ಪಂಕ್ತೀಲಿ ಮೊಮ್ಮಗಳ ಆಟ ಕೂರುತ್ತೆ. ನೀವೆಲ್ಲ ಎರಡ್ನೇ ಪಂಕ್ತಿ."

ತಾತ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು.

"ಏನಮ್ಮಾ, ಈ ಮನೆ ಕಟ್ಸ್ದೋನು ನಾನು. ಕರೆಂಟ್ ಬಿಲ್ಲು ಇವತ್ಗೂ ನನ್ ಹೆಸರಲ್ಲೇ ಬರ್ತದೆ. ನನ್ನ ಎರಡ್ನೇ ಪಂಕ್ತೀಗೆ ಎಬ್ಬಿಸ್ತೀಯಾ?"

ಚಿಕ್ಕಪ್ಪ ಮಧ್ಯೆ ಬಂದು ಸಮಾಧಾನ ಮಾಡಿದರು: "ಅಪ್ಪಾಜಿ, ಅದಕ್ಯಾಕೆ ತಲೆ ಬಿಸಿ? ನಮ್ಮನೆ ಲಗ್ನಪತ್ರಿಕೇಲಿ ಹೆಸರು ಹೆಂಗ್ ಹಾಕ್ತೀವೋ ಹಂಗೇ ಹಾಕ್ಸಿದ್ರಾಯ್ತು ಬುಡಿ."

ಎಲ್ಲರೂ ತಲೆದೂಗಿದರು. ಒಂದು ಸಲ ಪ್ರೆಸ್ಸಿನವರು ದೊಡ್ಡಪ್ಪನ ಹೆಸರನ್ನು ಚಿಕ್ಕಪ್ಪನ ಕೆಳಗೆ ಅಚ್ಚು ಹಾಕಿದ್ದಕ್ಕೆ ಆ ಮದುವೆಯ ದಂಪತಿಗಳಿಗೆ ಮಗುವಾಗಿ ನಾಮಕರಣ ಆಗುವವರೆಗೂ ದೊಡ್ಡಪ್ಪ ಯಾರ ಹತ್ತಿರವೂ ಮಾತಾಡಿರಲಿಲ್ಲವಂತೆ. ಹಾಗಾಗಿ ರೂಟರಿನಲ್ಲೂ ಕ್ರಮ ತಪ್ಪುವ ಹಾಗಿಲ್ಲ. ಮೊದಲು ತಾತನ ಫೋನು, ಆಮೇಲೆ ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ. ಹುಡುಗಿಯ ಲ್ಯಾಪ್‌ಟಾಪಿಗೆ ಸಿಕ್ಕಿದ್ದು ತಳದ ಜಾಗ, ಪತ್ರಿಕೆಯಲ್ಲಿ "ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ" ಅಂತ ಪುಟಾಣಿಗಳ ಹೆಸರು ಹಾಕುತ್ತಾರಲ್ಲ, ಅಲ್ಲಿ.

ಹುಡುಗಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅಕ್ಕ, ಏನಿದು? ನಾನು ಮೊದಲು ಹೇಗಿದ್ನೋ ಅದಕ್ಕಿಂತ ಕೆಳಗೆ ಹೋದೆ!"

"ಸುಮ್ನಿರು ಪುಟ್ಟಿ. ನಿಮ್ ತಾತ ಫೋನಲ್ಲಿ ಮಾತಾಡೋದು ಬಿಟ್ಟು ಇನ್ನೇನಾದ್ರೂ ಮಾಡ್ತಾರಾ? ಭಾನುವಾರ ಬೆಳಿಗ್ಗೆ ಮಿಕ್ಕೋರೆಲ್ಲ ಅವರವರ ಕೆಲ್ಸದಲ್ಲಿರ್ತಾರೆ. ಮೇಲಿನೋರು ನೆಟ್ ಮುಟ್ಟದೇ ಇದ್ರೆ ದಾರಿ ಪೂರ್ತಿ ನಿಂದೇ ಕಣೇ. ಗೌರವ ಅವರಿಗಿರ್ಲಿ, ನೆಟ್ ನಿನಗಿರ್ಲಿ."

ಎಷ್ಟು ಜಾಣೆ ನಾನು ಅಂತ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಭಾನುವಾರ ಇನ್ನೂ ಬಂದಿರಲಿಲ್ಲ ನೋಡಿ, ಅದಕ್ಕೇ ನಗು.

ಇಲ್ಲದ ವಾಷಿಂಗ್ ಮೆಷಿನ್

ಅದೇ ವಾರ ಕುಣಿಗಲ್‌ನಿಂದ ಒಬ್ಬ ಹೆಣ್ಣುಮಗಳ ಫೋನು. ಹೊಸದಾಗಿ ಮದುವೆಯಾದವರು, ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ಕೆಲಸ. ಇವಳು ಮೀಟಿಂಗಿನಲ್ಲಿ ಬಾಯಿ ತೆಗೆದರೆ ಆ ಕಡೆಯವರಿಗೆ ಅರ್ಧ ಮಾತು ಮಾತ್ರ ಕೇಳುತ್ತಂತೆ.

"ಮೇಡಂ, ರೂಟರ್ ಆ್ಯಪ್ ಓಪನ್ ಮಾಡಿ ನೋಡ್ದೆ. ಮೊದಲ್ನೇ ಜಾಗದಲ್ಲಿ ವಾಷಿಂಗ್ ಮೆಷಿನ್ ಅಂತ ಇದೆ."

"ಇರ್ಬೋದಮ್ಮ. ಈಗಿನ ಮೆಷಿನ್‌ಗಳಿಗೂ ವೈಫೈ ಇರುತ್ತೆ. ಅದನ್ನ ಕೆಳಗಿಳಿಸಿ, ನಿಮ್ಮ ಲ್ಯಾಪ್‌ಟಾಪ್ ಮೇಲೆ ಹಾಕಿ."

"ಅದಲ್ಲ ಮೇಡಂ. ನಮ್ಮನೇಲಿ ವಾಷಿಂಗ್ ಮೆಷಿನ್ನೇ ಇಲ್ಲ. ಬಟ್ಟೆ ಎಲ್ಲ ಕಲ್ಲಿನ ಮೇಲೆ ನಾನೇ ಒಗೀತಿರೋದು."

ಆ ಕಡೆಯಿಂದ ಗಂಡನ ಕೆಮ್ಮು ಕೇಳಿಸಿತು. ಆಮೇಲೆ ತಿಳಿದದ್ದು ಇಷ್ಟು: ಆ ಪುಣ್ಯಾತ್ಮ ಟೀವಿಗೆ ಸಿಕ್ಕಿಸಿ ಆಡುವ ತನ್ನ ಆಟದ ಪೆಟ್ಟಿಗೆಯನ್ನು ಮೊದಲ ಸ್ಥಾನಕ್ಕೆ ಏರಿಸಿ, ಹೆಂಡತಿಗೆ ಗೊತ್ತಾಗದಿರಲಿ ಅಂತ ಅದಕ್ಕೆ ವಾಷಿಂಗ್ ಮೆಷಿನ್ ಅಂತ ಹೆಸರಿಟ್ಟಿದ್ದ. ಫ್ರಿಜ್ಜು ಅಂತ ಇಟ್ಟಿದ್ದರೆ ಬಚಾವಾಗುತ್ತಿದ್ದ. ಫ್ರಿಜ್ಜು ಮನೆಯಲ್ಲಿತ್ತು.

ಕೆಲವೇ ದಿನಗಳಲ್ಲಿ ಅವಳೇ ಮತ್ತೆ ಫೋನ್ ಮಾಡಿದಳು. ದನಿಯಲ್ಲಿ ಹಬ್ಬದ ಸಡಗರ. "ಮೇಡಂ, ನಮ್ಮನೇಲಿ ಈಗ ಎರಡು ವಾಷಿಂಗ್ ಮೆಷಿನ್. ಹೊಸದು ಬಟ್ಟೆ ಒಗೀತದೆ. ಹಳೇದು ಬಟ್ಟೆ ಒಣಗಿಹಾಕಿ ಬಂದ್ಮೇಲೆ ಆಟ ಆಡ್ತದೆ."

ಮಜ್ಜಿಗೆ ಮತ್ತು ಪಾಸ್‌ವರ್ಡ್

ಸಿ.ಎಸ್. ಪುರದ ಒಂದು ಮನೆಯದು ಚಿಕ್ಕದು, ಹೇಳಿ ಮುಗಿಸುತ್ತೇನೆ. ಮನೆಯ ಹುಡುಗ ಗೋಗರೆದ: "ಅಕ್ಕ, ಇರೋರು ನಾನು, ನಮ್ಮಮ್ಮ ಅಷ್ಟೇ. ಆಟಾನ ಮೊದಲ್ನೇದಕ್ಕೆ ಹಾಕಿದೀನಿ. ಆದ್ರೂ ಲ್ಯಾಗು."

ರೂಟರ್ ತೆರೆದು ನೋಡಿದರೆ ಪರದೆ ತುಂಬ ಫೋನುಗಳು. ಹೊರಗೆ ಬಂದು ಜಗಲಿ ನೋಡಿದೆ. ಅಲ್ಲಿ ಊರಿನ ಅರ್ಧ ಜನ ತಲೆ ತಗ್ಗಿಸಿ ಕೂತಿದ್ದರು.

ಅಮ್ಮನನ್ನು ಕೇಳಿದರೆ, "ಹೊಲದಿಂದ ದಣಿದು ಬಂದು ಜಗಲೀಲಿ ಕೂತ್ಕೊಂತವೆ. ಮಜ್ಜಿಗೆ ಕೊಡ್ತೀನಿ, ಅದ್ರ ಜೊತೆ ಪಾಸ್‌ವರ್ಡೂ ಕೊಡ್ತೀನಿ. ಇರೋದ್ನ ಇಲ್ಲ ಅನ್ನಕ್ಕಾಯ್ತದಾ ತಾಯಿ?" ಅಂದರು.

ಆ ಮನಸ್ಸಿಗೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಜಗಲಿಯವರಿಗೇ ಅಂತ ಬೇರೆ ಸಣ್ಣದೊಂದು ವೈಫೈ ಮಾಡಿ, ಹುಡುಗನ ಆಟಕ್ಕೆ ಅಡ್ಡ ಬರದ ಹಾಗೆ ವೇಗ ತಗ್ಗಿಸಿ ಬಂದೆ. ತುಮಕೂರು ಸೇರುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು.

"ಅಕ್ಕ, ಜಗಲಿ ನೆಟ್ ಲ್ಯಾಗ್ ಹೊಡೀತಾ ಅದೆ. ನಾವೂ ಗೇಮ್ ಆಡ್ಬೇಕಲ್ಲ, ವಸಿ ಬಂದು ನೋಡ್ತೀರಾ?"

"ಅಲ್ಲಪ್ಪಾ, ನೀವು ನನ್ನ ಕಸ್ಟಮರ್ರೇ ಅಲ್ವಲ್ಲ!"

"ಅಲ್ಲ ಅಕ್ಕ," ಅಂದ ಅವನು ಬಲು ವಿನಯದಿಂದ. "ನಾವು ನಿಮ್ ಕಸ್ಟಮರ್‌ಗೆ ಕಸ್ಟಮರ್ರು."

ಕೊನೆಯ ಪಂಕ್ತಿ

ಭಾನುವಾರ ಬಂತು. ಹುಡುಗಿ ಬೇಡಿಕೊಂಡಿದ್ದಳು ಅಂತ ಬೆಳಿಗ್ಗೆಯೇ ಗುಬ್ಬಿಗೆ ಹೋದೆ. ಬೀದಿ ತಿರುಗುತ್ತಿದ್ದ ಹಾಗೆ ಮನೆ ಮುಂದೆ ಚಪ್ಪಲಿಗಳ ರಾಶಿ ಕಂಡಿತು. ಏನು ಅನಾಹುತವೋ ಅಂತ ಓಡಿದೆ.

ಅನಾಹುತ ಏನಿಲ್ಲ. ಮೊಮ್ಮಗಳ ಫೈನಲ್ ನೋಡಲು ತಾತ ಇಡೀ ಬೀದಿಯನ್ನು ಕರೆದಿದ್ದರು. ವ್ಯಾಪಾರಕ್ಕೆ ರಜೆ. ಒಳಗೆ ಉಪ್ಪಿಟ್ಟು, ಕೇಸರಿಬಾತು. ಹಜಾರದಲ್ಲಿ ಜಮಖಾನ ಹಾಸಿ ಎಲ್ಲರೂ ಕೂತಿದ್ದಾರೆ. ಪಂದ್ಯ ಲೈವ್ ಬರುತ್ತೆ ಅಂತ ಚಿಕ್ಕಪ್ಪ ಎಲ್ಲಿಂದಲೋ ತಿಳಿದುಕೊಂಡು ತಾತನ ಫೋನಿಗೂ ಹಾಕಿಕೊಟ್ಟಿದ್ದಾರೆ. ಒಬ್ಬರ ಫೋನಿಗೆ ಇನ್ನೊಬ್ಬರು ಯಾಕೆ ಇಣುಕಬೇಕು ಅಂತ ಅಜ್ಜಿಯಿಂದ ಹಿಡಿದು ಚಿಕ್ಕಮ್ಮನವರೆಗೆ ಮನೆಯವರೆಲ್ಲರ ಕೈಯಲ್ಲೂ ಅವರವರ ಫೋನು, ಫೋನಿನ ತುಂಬ ಲೈವು.

ಇವರೆಲ್ಲ ಲಗ್ನಪತ್ರಿಕೆಯ ಮೇಲಿನ ಸಾಲಿನವರು. ನನ್ನ ಹುಡುಗಿ ಪುಟಾಣಿಗಳ ಜಾಗದಲ್ಲಿ.

ಪಂದ್ಯ ಶುರುವಾಯಿತು. ಫೋನಿನಲ್ಲಿ ಹಸಿರು ಹೆಲ್ಮೆಟ್ ಹಾಕಿಕೊಂಡವಳೇ ನಮ್ಮ ಹುಡುಗಿ. ಒಂದೆರಡು ಹೆಜ್ಜೆ ಓಡಿದಳು, ನಿಂತಳು. ಗೋಡೆ ನೋಡುತ್ತಾ ನಿಂತೇ ಇದ್ದಳು.

"ಯಾಕ್ಲಾ ನಿಂತ್ಬುಟ್ಲು ಮಗಿ?" ಅಂತ ತಾತ ಚಿಕ್ಕಪ್ಪನ ಕಡೆ ತಿರುಗಿದರು. ಮತ್ತೆ ಫೋನಿಗೆ ಬಾಯಿ ಹತ್ತಿರ ತಂದು, "ಓಡು ಮಗಾ, ಓಡು! ತಾತ ಇದೀನಿ!"

ರೂಮಿನೊಳಗಿಂದ ಹುಡುಗಿ ಚೀರಿದಳು: "ಅಕ್ಕಾ! ಲ್ಯಾಗು! ಕ್ಯಾಪ್ಟನ್ ಬೈತಾ ಇದಾನೆ!"

ಇನ್ನು ನಾಚಿಕೊಂಡರೆ ಆಗುವುದಿಲ್ಲ ಅಂತ ಚೀಲದಿಂದ ನನ್ನ ಲ್ಯಾಪ್‌ಟಾಪ್ ತೆಗೆದು ತಾತನ ಮುಂದೆ ಕೂತೆ. "ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಅವಳು ನಿಂತಿರೋದೇ ನೀವೆಲ್ಲ ನೋಡ್ತಿರೋದ್ರಿಂದ. ನೀವು ಮೊದಲ್ನೇ ಪಂಕ್ತಿ. ನಿಮಗೆಲ್ಲ ಬಡಿಸಿ ಆಗೋವರೆಗೂ ಅವಳಿಗೆ ಎಲೆ ಹಾಕಲ್ಲ ಈ ರೂಟರು."

ತಾತನ ಮುಖ ಸಣ್ಣದಾಯಿತು. "ಮಗಿ ಉಪಾಸ ಕೂತವ್ಳಾ?" ಅಂದರು. ಹಿಂದೆಯೇ ಬೆನ್ನು ನೆಟ್ಟಗೆ ಮಾಡಿ ಕೂತರು. "ಅದನ್ನ ಮೊದ್ಲೇ ಹೇಳ್ಬಾರ್ದಾ ತಾಯಿ? ನಮ್ಮನೇಲಿ ದಾಸೋಹ ನಡ್ದಾಗ ಬಂದೋರ್ದೆಲ್ಲ ಆಗಿ ಯಜಮಾನ ಉಣ್ಣೋದು ಕೊನೇ ಪಂಕ್ತೀಲಿ. ಅದೇ ದೊಡ್ಡ ಮರ್ಯಾದೆ. ನನ್ನ ಕೊನೇಗೆ ಹಾಕು."

ಅಬ್ಬಾ ಅಂತ ಉಸಿರು ಬಿಟ್ಟೆ. ತಾತನ ಹೆಸರನ್ನು ಕೆಳಗಿಳಿಸಲು ಬೆರಳು ಇಟ್ಟೆ, ಅಷ್ಟೇ.

"ಅಪ್ಪಾಜಿ ಕೊನೇಗೆ ಕೂತು ನಾನು ಅವರಿಗಿಂತ ಮುಂಚೆ ಉಣ್ಣೋದಾ? ಜನ ಏನಂದಾರು? ನನ್ನೂ ಕೊನೇಗೆ ಹಾಕಿ," ಅಂದರು ದೊಡ್ಡಪ್ಪ.

"ಬಡಿಸೋನು ಯಾವತ್ತೂ ನಾನು ಕಣಣ್ಣ. ಬಡಿಸ್ದೋನು ಆಮೇಲಲ್ವಾ ಉಣ್ಣೋದು?" ಅಂದರು ಚಿಕ್ಕಪ್ಪ.

ಹುಡುಗಿಯ ಅಪ್ಪ ಎದ್ದು ನಿಂತರು: "ಮಗಳು ನನ್ನೋಳು. ಅವಳಿಗೋಸ್ಕರ ಹಿಂದೆ ಸರಿಯೋದಿದ್ರೆ ನಾನು ಸರೀಬೇಕು."

ಆಗ ಗೋಡೆಗೊರಗಿ ಕೂತಿದ್ದ ಅಜ್ಜಿ ಬಾಯಿಬಿಟ್ಟರು. ದನಿ ಎತ್ತರಿಸಲಿಲ್ಲ. "ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಎಲ್ರೂ ಉಂಡೆದ್ಮೇಲೆ, ತಳದಲ್ಲಿ ಮಿಕ್ಕಿದ್ನ ಉಂಡೋಳು ನಾನು. ಅವತ್ತು ಯಾರೂ ಬರ್ಲಿಲ್ಲ ಆ ಜಾಗಕ್ಕೆ. ಇವತ್ತು ಅದು ಮರ್ಯಾದೆ ಆಗೋಯ್ತಾ? ನಾನಂತೂ ಬಿಟ್ಕೊಡಲ್ಲ."

ದೊಡ್ಡಮ್ಮ, ಹುಡುಗಿಯ ಅಮ್ಮ, ಚಿಕ್ಕಮ್ಮ ಮೂವರೂ ಒಂದೇ ಸಲ "ಹಂಗನ್ನಿ ಅತ್ತೆ!" ಅಂದರು. ಎದ್ದು ಹೋಗಿ ಅಜ್ಜಿಯ ಪಕ್ಕ ಕೂರೋಣ ಅನ್ನಿಸಿತು. ಆದರೆ ಅದಕ್ಕೆ ಪುರುಸೊತ್ತೆಲ್ಲಿ? ಒಳಗೆ ಹುಡುಗಿ ಇನ್ನೂ ಗೋಡೆ ನೋಡುತ್ತಾ ನಿಂತಿದ್ದಾಳೆ. ಅವಳ ಹೆಸರನ್ನು ಮೆಲ್ಲಗೆ ಮೇಲಕ್ಕೆ ಎಳೆದುಬಿಡೋಣ ಅಂತ ಕೈ ಚಾಚಿದೆ. ತಾತ ಪಟ್ಟನೆ ಲ್ಯಾಪ್‌ಟಾಪ್ ಮುಚ್ಚಿದರು.

"ಇತ್ಯರ್ಥ ಆಗೋವರ್ಗೂ ಏನೂ ಮುಟ್ಬ್ಯಾಡ. ಏಯ್, ಎಲ್ರೂ ಫೋನ್ ಆಫ್ ಮಾಡ್ರಲಾ! ಮನೆ ಮಾತು ನಡೀವಾಗ ಕೈಯಲ್ಲಿ ಫೋನ್ ಇರ್ಬಾರ್ದು."

ತಾತನ ಮಾತೇ ಮಾತು. ಫೋನುಗಳೆಲ್ಲ ಆಫ್ ಆಗಿ ಜಮಖಾನದ ಮೇಲೆ ಬೋರಲು ಮಲಗಿದವು. ನ್ಯಾಯ ಶುರುವಾಯಿತು. ಬೀದಿಯವರೂ ಪಕ್ಷ ಹಿಡಿದರು. ಕೆಲವರು ತಾತನ ಕಡೆ, ಹೆಂಗಸರೆಲ್ಲ ಅಜ್ಜಿಯ ಕಡೆ. ಯಾವ ಮದುವೆಯಲ್ಲಿ ಯಾರು ಯಾವಾಗ ಉಂಡರು ಅನ್ನುವುದೆಲ್ಲ ಆಚೆ ಬಂತು. ಚಿಕ್ಕಪ್ಪ ಒಂದು ಗೃಹಪ್ರವೇಶದ ದಿನ ಮೊದಲ ಪಂಕ್ತಿಯಲ್ಲೂ ಉಂಡು, ಕೊನೆಯ ಪಂಕ್ತಿಯಲ್ಲೂ ಉಂಡ ವಿಷಯ ಕೂಡ ಬಯಲಾಯಿತು.

ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಈ ಹುಡುಗಿ ಟೀಮಿನಿಂದ ಹೋದ ಹಾಗೇ, ಈ ಬೀದಿ ನನ್ನ ಕೈಯಿಂದ ಹೋದ ಹಾಗೇ ಅಂತ ಲೆಕ್ಕ ಹಾಕುತ್ತಿದ್ದೆ. ಆಗ ರೂಮಿನ ಕಡೆಯಿಂದ ಏನೋ ಬೇರೆ ಥರದ ಸದ್ದು. ಕೀಬೋರ್ಡ್ ಟಪಟಪ ಅನ್ನುತ್ತಿದೆ. "ಬಲಗಡೆ ಬನ್ರೋ! ನಾನು ಕವರ್ ಕೊಡ್ತೀನಿ!" ಅಂತ ಹುಡುಗಿ ಜೋರಾಗಿ ಹೇಳುತ್ತಿದ್ದಾಳೆ.

ಆಗ ಹೊಳೆಯಿತು ನನಗೆ. ಮೇಲಿನ ಸಾಲಿನವರೆಲ್ಲ ಜಗಳಕ್ಕೆ ಕೂತಿದ್ದಾರೆ. ಅವರ ಫೋನುಗಳೆಲ್ಲ ಆಫ್. ದಾರಿ ಪೂರ್ತಿ ಖಾಲಿ! ಇಲ್ಲಿ ಜಗಳ ಮುಗಿದರೆ ಅಲ್ಲಿ ಲ್ಯಾಗು. ನಾನು ತಕ್ಷಣ ಚಿಕ್ಕಪ್ಪನ ಕಡೆ ತಿರುಗಿ, "ಅದಿರ್ಲಿ, ಗೃಹಪ್ರವೇಶದ ದಿನ ಎರಡು ಸಲ ಉಂಡಿದ್ದು ನಿಜಾನಾ ಸಾರ್?" ಅಂತ ಕೇಳಿದೆ. ಬೆಂಕಿ ಮತ್ತೆ ಹತ್ತಿಕೊಂಡಿತು. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತ್ಯುತ್ತಮ ಸೆಟ್ಟಿಂಗ್ ಅದೇ.

ನ್ಯಾಯ ಕೊನೆಗೂ ಅಜ್ಜಿಯ ಪರವಾಗಿ ಆಯಿತು. ಅಜ್ಜಿ ಎಲ್ಲರಿಗಿಂತ ಕೊನೆ, ಅವರ ಮೇಲೆ ತಾತ, ಹಾಗೇ ಲಗ್ನಪತ್ರಿಕೆ ತಲೆಕೆಳಗು. ಎಲ್ಲರ ಮರ್ಯಾದೆಯೂ ಉಳಿಯಿತು, ಹುಡುಗಿ ಎಲ್ಲರಿಗಿಂತ ಮೇಲೆ. ತಾತ ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿ, "ಈಗ ಹಾಕಮ್ಮ," ಅನ್ನುವುದಕ್ಕೂ ರೂಮಿನ ಬಾಗಿಲು ಧಡಾರನೆ ತೆರೆಯುವುದಕ್ಕೂ ಸರಿಹೋಯಿತು.

"ಗೆದ್ವಿ! ತಾತ, ಗೆದ್ವಿ! ಕೊನೇ ಗುಂಡು ನಾನೇ ಹೊಡೆದಿದ್ದು! ಕ್ಯಾಪ್ಟನ್ನೇ ಸಾರಿ ಕೇಳ್ದ!"

ಓಡಿ ಬಂದವಳು ಅಜ್ಜಿಯನ್ನು ತಬ್ಬಿಕೊಂಡಳು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಹಜಾರದ ತುಂಬ ಚಪ್ಪಾಳೆ. ತಾತ ಮಾತ್ರ ಚಪ್ಪಾಳೆ ತಟ್ಟುತ್ತಿದ್ದವರು ತಟ್ಟನೆ ನಿಲ್ಲಿಸಿ, ಬೋರಲು ಮಲಗಿದ್ದ ಫೋನುಗಳನ್ನೊಮ್ಮೆ ನೋಡಿದರು, ಬೀದಿಯವರನ್ನೊಮ್ಮೆ ನೋಡಿದರು.

"ಅಯ್ಯೋ, ಇಷ್ಟು ಜನ ಸೇರಿ ಗೆದ್ದಿದ್ನೇ ಯಾರೂ ನೋಡ್ಲಿಲ್ವಲ್ಲ!" ಅಂದರು. ಫೋನ್ ಆನ್ ಮಾಡಿ, ಕನ್ನಡಕ ಏರಿಸಿಕೊಂಡು, ಜಮಖಾನದ ಮೇಲೆ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಹೋಗ್ ಮಗಾ, ಇನ್ನೊಂದ್ಸಲ ಗೆದ್ಕೊಂಡ್ ಬಾ. ಈ ಸಲ ಎಲ್ರೂ ನೋಡ್ತೀವಿ!"